ಉಗಿಬಂಡಿಯೂ ಕಾಲುದಾರಿಯೂ

ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದಲ್ಲಿ ಪಿಕರಿಂಗ್‌ನಿಂದ ಗ್ರೋಮಾಂಟ್‌ವರೆಗೆ 18 ಮೈಲಿಗಳ ಉಗಿಬಂಡಿಯ ಹಾದಿಯೊಂದಿದೆ. ಅದರಲ್ಲಿ ನಾಯಿಗೂ ಪ್ರವೇಶವುಂಟು. ನಡುವೆ ಗೋತ್‌ಲ್ಯಾಂಡಿನಲ್ಲಿಳಿದು, ನಾಯಿಯೊಡನೆ ಗ್ರೋಮಾಂಟ್‌ಗೆ ಮೂರೂವರೆ ಮೈಲಿ ನಡೆಯಬಹುದು. ಕುರಿ ಮೇಯುವೆಡೆ ಅದರ ಹಗ್ಗವನ್ನು ಬಿಗಿಹಿಡಿಯಬೇಕಷ್ಟೆ.

ಆ ಕಾಲುದಾರಿಯೇ 1836ರ ಮೂಲ ರೈಲುಮಾರ್ಗ. ಜಾರ್ಜ್ ಸ್ಟೀಫನ್‌ಸನ್ ರೂಪಿಸಿದ ಅದರಲ್ಲಿ ಮೊದಲು ಬಂಡಿಯೆಳೆದವು ಕುದುರೆಗಳು. ಕಡಿದಾದ ಏರಿನಲ್ಲಿ ಹಗ್ಗವೇ ಗತಿ. 1865ರಲ್ಲಿ ಬಳಸುಮಾರ್ಗವೊಂದು ಬಂದು ಈ ಏರು ಹಿಂದುಳಿಯಿತು. 1965ರಲ್ಲಿ ಆ ಬಳಸುಮಾರ್ಗದಲ್ಲೂ ಪ್ರಯಾಣಿಕರ ಸಂಚಾರ ನಿಂತಿತು. ಆದರೆ ರೈಲುಪ್ರಿಯರು ಸ್ವಯಂಸೇವಕರಾಗಿ ದುಡಿದು 1973ರಲ್ಲಿ ಅದನ್ನು ಪುನಃ ತೆರೆದರು.

ನಡೆಯುತ್ತಿರುವಾಗ ಕಣಿವೆಯಿಂದ ಶಿಳ್ಳೆ ಕೇಳುತ್ತದೆ; ನಾಯಿ ಕಿವಿ ನಿಮಿರಿಸುತ್ತದೆ. ಲೆಕ್ಕಪತ್ರ ಕೈಬಿಟ್ಟದ್ದನ್ನು ಜನರ ಅಕ್ಕರೆ ಉಳಿಸಬಲ್ಲದೆಂಬುದಕ್ಕೆ ಆ ಶಿಳ್ಳೆಯೇ ಸಾಕ್ಷಿ.