'ನಮ್ದೇ' ಅನ್ನೋ ಮಾತಿಗೆ ಬೆಲೆ ಎಷ್ಟು?

ವೈಟ್‌ಫೀಲ್ಡ್‌ಗೋ ಎಲೆಕ್ಟ್ರಾನಿಕ್ ಸಿಟಿಗೋ ಮೆಟ್ರೋದಲ್ಲಿ ಹೊರಟಿದ್ದೀರಾ? ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ರೂಮಿಗೆ ಹೋಗ್ತಿದ್ದೀರಾ? ಒಂದು ಪ್ರಶ್ನೆ ಕೇಳ್ತೀನಿ. ಆರ್‌ಸಿಬಿ ಗೆದ್ದ ಮಾರನೇ ದಿನ ಏನಂತೀರಿ? 'ಗೆದ್ವಿ ಗುರು!' ಸೋತ್ರೆ? 'ಸೋತ್ಬಿಟ್ರು ಕಣೋ.' ಗೆದ್ದಾಗ ನಾವು, ಸೋತಾಗ ಅವರು.

ಕ್ರೀಡಾ ಮಾರ್ಕೆಟಿಂಗ್ ಓದೋರಿಗೆ ಇದು ಮೊದಮೊದಲ ಪಾಠಗಳಲ್ಲಿ ಒಂದು. 1976ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಸೋಮವಾರ ವಿದ್ಯಾರ್ಥಿಗಳ ಬಟ್ಟೆ ಗಮನಿಸಿದ್ರು. ವಾರಾಂತ್ಯದಲ್ಲಿ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಿದ್ರೆ ಕಾಲೇಜಿನ ಹೆಸರಿರೋ ಅಂಗಿಗಳು ಜಾಸ್ತಿ ಕಾಣಿಸ್ತಿದ್ವು. ಫೋನ್ ಮಾಡಿ ಪಂದ್ಯದ ಬಗ್ಗೆ ಕೇಳಿದಾಗ ಗೆಲುವಿಗೆ 'ನಾವು' ಅನ್ನೋ ಪದ ಹೆಚ್ಚು ಬರ್ತಿತ್ತು. ಬೇರೆಯವರ ಗೆಲುವಿನ ಬಿಸಿಲಲ್ಲಿ ನಾವು ಮೈ ಕಾಯಿಸ್ಕೊಳ್ಳೋದು ಅಂದ್ರೆ ಇದೇ. ಸೋತಾಗ ದೂರ ಸರಿಯೋ ಗುಣದ ಬಗ್ಗೆಯೂ 1986ರಲ್ಲಿ ಸಂಶೋಧನೆ ಬಂತು.

ಹಾಗಿದ್ರೆ ಆರ್‌ಸಿಬಿ ಅಭಿಮಾನಿಗಳು ಯಾವತ್ತೋ ಖಾಲಿ ಆಗ್ಬೇಕಿತ್ತು, ಅಲ್ವಾ? 2009, 2011, 2016, ಮೂರು ಫೈನಲ್ ಸೋಲು. 2016ರದ್ದಂತೂ ನಮ್ಮದೇ ಚಿನ್ನಸ್ವಾಮಿಯಲ್ಲಿ, ಬರೀ 8 ರನ್‌ಗಳಿಂದ. ಮರುವರ್ಷ ಪಟ್ಟಿಯಲ್ಲಿ ಕೊನೇ ಸ್ಥಾನ. ಆದ್ರೂ 'ಈ ಸಲ ಕಪ್ ನಮ್ದೇ' ನಿಲ್ಲಲಿಲ್ಲ. ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್‌ಸ್ಕೋಂಬ್ 1990ರಲ್ಲಿ ತೋರಿಸಿದ್ದು ಇಲ್ಲಿ ಹೊಂದುತ್ತೆ: ತಂಡವನ್ನ ತನ್ನ ಗುರುತಿನ ಭಾಗ ಮಾಡ್ಕೊಂಡವರು ಸೋಲಿಗೆ ಅಷ್ಟು ಸುಲಭವಾಗಿ ದೂರ ಸರಿಯಲ್ಲ.

ನಮ್ಮ ಐಟಿ, ಕಾರ್ಖಾನೆ ಪಟ್ಟಿಗಳಲ್ಲಿ ಇದು ಇನ್ನೂ ಗಟ್ಟಿ. ರಾಯಚೂರಿಂದ ಬಂದವರು, ಒಡಿಶಾದಿಂದ ಬಂದವರು ಒಂದೇ ಪಿಜಿಯಲ್ಲಿ ಒಂದೇ ಫೋನ್‌ನಲ್ಲಿ ಮ್ಯಾಚ್ ನೋಡ್ತಾರೆ. ಊರು ಬೇರೆ, ಭಾಷೆ ಬೇರೆ, ಆದ್ರೆ 'ನಮ್ದೇ' ಅನ್ನೋಕೆ ಯಾರೂ ಆಧಾರ್ ಕೇಳಲ್ಲ.

ಈ 'ನಮ್ದೇ' ಮೇಲೇ ವ್ಯಾಪಾರ ನಿಂತಿದೆ. 2008ರಲ್ಲಿ ಈ ತಂಡ ಹರಾಜಾಗಿದ್ದು 11.16 ಕೋಟಿ ಡಾಲರ್‌ಗೆ. ಹೆಸರಿನ ಮೊದಲರ್ಧ ಬಂದಿದ್ದು ಒಂದು ವಿಸ್ಕಿ ಬ್ರ್ಯಾಂಡ್‌ನಿಂದ. ಉಳಿದರ್ಧ 2024ರಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಆಯ್ತು. ಆಟಗಾರರು ಹರಾಜಲ್ಲಿ ಬದಲಾಗ್ತಾರೆ, ಪ್ರಾಯೋಜಕರು ಬದಲಾಗ್ತಾರೆ. ಬದಲಾಗದೇ ಉಳಿಯೋದು ಅಭಿಮಾನಿ. ಜಾಹೀರಾತುದಾರ ದುಡ್ಡು ಕೊಡೋದು ಅವನ ಕಣ್ಣಿಗೆ, ಅವಳ ನಿಷ್ಠೆಗೆ.

ಆದ್ರೆ ಆ ನಿಷ್ಠೆಗೆ ಪ್ರತಿಯಾಗಿ ಅಭಿಮಾನಿಗೆ ಸಿಗೋದೇನು? 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಹದಿನೆಂಟನೇ ಸೀಸನ್‌ಗೆ ಕಪ್ ಬಂತು. ಮರುದಿನ ಲಕ್ಷಾಂತರ ಜನ ಚಿನ್ನಸ್ವಾಮಿ ಕಡೆ ಬಂದ್ರು. ಗೇಟ್ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು, ಬಹುತೇಕ ನಿಮ್ಮ ವಯಸ್ಸಿನವರೇ. ಸಂಭ್ರಮಕ್ಕೆ ಕರೆದ ಸೋಶಿಯಲ್ ಮೀಡಿಯಾ ಪೋಸ್ಟ್‌ಗಳ ವಿಷಯ ಸರ್ಕಾರ ಹೈಕೋರ್ಟ್‌ಗೆ ಕೊಟ್ಟ ವರದಿಯಲ್ಲೂ ಬಂತು. ಜನರನ್ನ ಸೆಳೆಯೋದು ಮಾರ್ಕೆಟಿಂಗ್. ಬಂದವರನ್ನ ಕ್ಷೇಮವಾಗಿ ಮನೆಗೆ ಕಳಿಸೋದು ಮ್ಯಾನೇಜ್‌ಮೆಂಟ್. ಮೊದಲನೇದು ಮಾಡಿ ಎರಡನೇದು ಬಿಟ್ರೆ ಏನಾಗುತ್ತೆ ಅಂತ ಅವತ್ತು ನೋಡಿದ್ವಿ.

ನೀವು ಬಿಬಿಎ, ಎಂಬಿಎ ಓದ್ತಿದ್ರೆ ಪ್ರಾಜೆಕ್ಟ್‌ಗೆ ವಿಷಯ ಇಲ್ಲೇ ಇದೆ. ಪಂದ್ಯದ ಮಾರನೇ ದಿನ ಕಾಡುಗೋಡಿ ಮೆಟ್ರೋ ನಿಲ್ದಾಣದ ಹೊರಗೆ ನಿಂತು ಕೆಂಪು ಜೆರ್ಸಿ ಎಣಿಸಿ. ಗೆದ್ದಾಗ ಎಷ್ಟು, ಸೋತಾಗ ಎಷ್ಟು? ಚಾಲ್ಡೀನಿ ಹೇಳಿದ್ದು ಇಲ್ಲೂ ನಿಜವಾ, ನೋಡಬಹುದು. ಜೊತೆಗೆ, 'ಪ್ರಾಯೋಜಕರ ಲೋಗೋ ನೆನಪಿದೆಯಾ' ಅಂತ ಮಾತ್ರ ಕೇಳ್ಬೇಡಿ. ಸ್ಟೇಡಿಯಂನಲ್ಲಿ ನೀರು ಸಿಕ್ತಾ, ಹೊರಗೆ ಹೋಗೋ ದಾರಿ ಗೊತ್ತಾಯ್ತಾ, ಮತ್ತೆ ತಂಗಿಯನ್ನ ಕರ್ಕೊಂಡು ಬರ್ತೀರಾ ಅಂತಲೂ ಕೇಳಿ. ತಂಡದವರಿಗೆ, ಸ್ಟೇಡಿಯಂನವರಿಗೆ, ಪೊಲೀಸರಿಗೆ, ಮೂವರಿಗೂ ಈ ಉತ್ತರಗಳು ಬೇಕು.

ನಿಮ್ಮ ಅನುಭವ ಏನು? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.