ಎಣಿಕೆಗೆ ಸಿಗದ ಮತ



ಚುನಾವಣಾ ತಕರಾರು ಅರ್ಜಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಶಾಸಕರ ಇಲ್ಲವೇ ಸಂಸದರ ಆಯ್ಕೆಯ ವಿರುದ್ಧ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವ ವ್ಯಾಜ್ಯ. ಇಂದು ನಾನು ಎತ್ತಿಕೊಂಡಿರುವುದು ಅದಕ್ಕಿಂತ ಭಾರವಾದದ್ದು. ದೇಶದ ಅಧ್ಯಕ್ಷನ ಆಯ್ಕೆಯೇ ಕೋರ್ಟಿನ ಮುಂದೆ ಬಂದಾಗ, ಜನರನ್ನು ಹೆದರಿಸಿ ಮತ ಪಡೆದರು ಎಂಬ ದೂರನ್ನು ನ್ಯಾಯಮೂರ್ತಿಗಳು ಹೇಗೆ ಅಳೆಯುತ್ತಾರೆ? ನನ್ನ ವಾದ ಸರಳ. ಕೋರ್ಟುಗಳು ಇದುವರೆಗೆ ಬಳಸುತ್ತ ಬಂದಿರುವ ಅಳತೆಗೋಲು ಕಳ್ಳ ಎಣಿಕೆಯನ್ನು ಹಿಡಿಯುತ್ತದೆ. ಭಯವನ್ನು ಹಿಡಿಯಲು ಅದು ಸಾಲದು.

ಉಗಾಂಡದಿಂದ ಆರಂಭಿಸೋಣ. 2001ರ ಮಾರ್ಚ್ 12ರಂದು ಅಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯಿತು. 1986ರಿಂದ ಅಧಿಕಾರದಲ್ಲಿದ್ದ ಯೊವೆರಿ ಮುಸೆವೆನಿ ಅವರಿಗೆ ಶೇ. 69ರಷ್ಟು ಮತ, ಎದುರಾಳಿ ಕಿಜ್ಜಾ ಬೆಸಿಗ್ಯೆ ಅವರಿಗೆ ಶೇ. 28ರ ಹತ್ತಿರ. ಬೆಸಿಗ್ಯೆ ಒಂದು ಕಾಲಕ್ಕೆ ಮುಸೆವೆನಿಯವರ ಖಾಸಗಿ ವೈದ್ಯರು, ಗೆರಿಲ್ಲಾ ಯುದ್ಧದ ಒಡನಾಡಿ. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಸೈನಿಕರು ಮತ್ತು ಅಧ್ಯಕ್ಷರ ರಕ್ಷಣಾ ಪಡೆಯವರು ತಮ್ಮ ಬೆಂಬಲಿಗರನ್ನು ಬೆದರಿಸಿದರು, ತಮ್ಮ ತವರು ಜಿಲ್ಲೆ ರುಕುಂಗಿರಿಯಲ್ಲಂತೂ ಅವರ ಹಾವಳಿ ಮಿತಿ ಮೀರಿತ್ತು ಎಂಬುದು ದೂರಿನ ಒಂದು ಮುಖ್ಯ ಭಾಗ. ತೀರ್ಪಿಗೆ ಇದ್ದ ಗಡುವು 30 ದಿನ. ಹಾಗಾಗಿ ಸಾಕ್ಷ್ಯವೆಲ್ಲ ಬಹುಪಾಲು ಪ್ರಮಾಣಪತ್ರಗಳ ರೂಪದಲ್ಲೇ ಬಂತು.

ಕೋರ್ಟು ಕಾನೂನಿನ ಉಲ್ಲಂಘನೆ ನಡೆದಿದೆ ಎಂದು ಒಪ್ಪಿತು. ಕೆಲವು ಪ್ರದೇಶಗಳಲ್ಲಿ ಬೆದರಿಕೆ, ಹಿಂಸೆ ನಡೆದದ್ದನ್ನೂ ಒಪ್ಪಿತು. ಆದರೂ ಐವರಲ್ಲಿ ಮೂವರು ಅರ್ಜಿಯನ್ನು ವಜಾ ಮಾಡಿದರು. ಚುನಾವಣೆ ಅಸಿಂಧುವಾಗಬೇಕಾದರೆ ಅಕ್ರಮದಿಂದ ಫಲಿತಾಂಶದ ಮೇಲೆ ಗಣನೀಯ ಪರಿಣಾಮ ಆಗಿರಬೇಕು ಎಂದು ಅಲ್ಲಿನ ಕಾಯಿದೆ ಹೇಳುತ್ತಿತ್ತು. ಇಬ್ಬರ ನಡುವಿನ ಅಂತರವೋ 30 ಲಕ್ಷ ಮತ ದಾಟಿತ್ತು. 2006ರಲ್ಲಿ ಅದೇ ಇಬ್ಬರು, ಅದೇ ಕೋರ್ಟು, ಅದೇ ಪ್ರಶ್ನೆ. ಈ ಸಲ ಏಳು ಮಂದಿಯ ಪೀಠ. ಅಕ್ರಮ ನಡೆದಿದೆ ಎನ್ನುವುದರಲ್ಲಿ ಒಮ್ಮತ. ಫಲಿತಾಂಶ ಬದಲಾಗುತ್ತಿರಲಿಲ್ಲ ಎಂದವರು ನಾಲ್ವರು, ಅದನ್ನು ಒಪ್ಪದವರು ಮೂವರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬೆದರಿಕೆ ಹೆಚ್ಚಾದಷ್ಟೂ ಗೆಲುವಿನ ಅಂತರ ಹಿಗ್ಗುತ್ತದೆ. ಅಂತರ ಹಿಗ್ಗಿದಷ್ಟೂ ‘ಪರಿಣಾಮ ಆಗಿದೆ’ ಎಂದು ಸಾಬೀತು ಮಾಡುವ ಹೊರೆ ಸೋತವನ ಬೆನ್ನಿಗೆ ಭಾರವಾಗುತ್ತದೆ. ಅಂದರೆ ಬೆದರಿಸಿದವನಿಗೆ ಅವನ ಬೆದರಿಕೆಯೇ ವಕೀಲಿಕೆ ಮಾಡುತ್ತದೆ. ನಕಲಿ ಮತಪತ್ರವನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಬಹುದು. ಹೆದರಿ ಮನೆಯಲ್ಲೇ ಉಳಿದವನ ಮತಪತ್ರ ಎಲ್ಲಿದೆ? ಹೆದರಿ ಬೇರೆಯವರಿಗೆ ಒತ್ತಿದವನ ಮತಪತ್ರವಂತೂ ನೋಡಲು ಅಪ್ಪಟ ಅಸಲಿ.

ಇನ್ನು ಕೀನ್ಯಾ. 2017ರ ಆಗಸ್ಟ್ 8ರ ಚುನಾವಣೆಗೆ ಕೆಲವೇ ದಿನ ಮೊದಲು, ಚುನಾವಣಾ ಆಯೋಗದ ಮಾಹಿತಿ ತಂತ್ರಜ್ಞಾನದ ಹೊಣೆ ಹೊತ್ತಿದ್ದ ಕ್ರಿಸ್ ಮ್ಸಾಂಡೊ ಕೊಲೆಯಾಗಿ ಸಿಕ್ಕರು. ಅಧಿಕಾರದಲ್ಲಿದ್ದ ಅಧ್ಯಕ್ಷ ಉಹುರು ಕೆನ್ಯಾಟ ಶೇ. 54 ಮತ ಪಡೆದು ಗೆದ್ದರೆಂದು ಘೋಷಣೆಯಾಯಿತು. ಎದುರಾಳಿ ರೈಲಾ ಒಡಿಂಗಾ ಕೋರ್ಟಿಗೆ ಹೋದರು. ಅಲ್ಲಿನ ಸಂವಿಧಾನ ಸುಪ್ರೀಂ ಕೋರ್ಟಿಗೆ ಕೊಡುವುದು 14 ದಿನ ಮಾತ್ರ. ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗ ನೇತೃತ್ವದ ಪೀಠ 4–2ರ ಬಹುಮತದಿಂದ ಚುನಾವಣೆಯನ್ನೇ ರದ್ದು ಮಾಡಿತು. ಆಫ್ರಿಕಾದಲ್ಲಿ ಅಧಿಕಾರದಲ್ಲಿರುವ ಅಧ್ಯಕ್ಷನ ಗೆಲುವನ್ನು ಕೋರ್ಟು ತಳ್ಳಿಹಾಕಿದ್ದು ಅದೇ ಮೊದಲು.

ತೀರ್ಪು ನಿಂತದ್ದು ಯಾವುದರ ಮೇಲೆ? ಕಾಗದದ ಮೇಲೆ. ಪ್ರತಿ ಮತಗಟ್ಟೆಯಲ್ಲಿ ಎಣಿಕೆ ಮುಗಿದ ಮೇಲೆ ತುಂಬುವ ನಮೂನೆ 34ಎ, ಕ್ಷೇತ್ರ ಮಟ್ಟದಲ್ಲಿ ಅವನ್ನೆಲ್ಲ ಕೂಡಿಸಿ ತುಂಬುವ 34ಬಿ. ಮತಗಟ್ಟೆಗಳ ನಮೂನೆಗಳೆಲ್ಲ ಕೈಸೇರುವ ಮೊದಲೇ ಫಲಿತಾಂಶ ಘೋಷಿಸಿದ್ದರು. ಪರಿಶೀಲನೆಗೆ ತೆಗೆದ ನಮೂನೆಗಳಲ್ಲಿ ಕೆಲವಕ್ಕೆ ನೀರುಗುರುತು ಇಲ್ಲ, ಕೆಲವಕ್ಕೆ ಕ್ರಮಸಂಖ್ಯೆ ಇಲ್ಲ, ಕೆಲವಕ್ಕೆ ಮೊಹರು, ಸಹಿ ಇಲ್ಲ. ಸರ್ವರ್ ತೆರೆದು ತೋರಿಸಿ ಎಂದು ಕೋರ್ಟು ಆದೇಶಿಸಿದರೆ ಆಯೋಗ ಪೂರ್ತಿ ಪಾಲಿಸಲಿಲ್ಲ. ಕೊನೆಯ ಅಂಕಿ ಮಾತ್ರವಲ್ಲ, ಆ ಅಂಕಿಗೆ ಬಂದ ದಾರಿಯೂ ಸರಿಯಿರಬೇಕು ಎಂದು ಬಹುಮತ ಹೇಳಿತು. ಉಗಾಂಡದ ಅಳತೆಗೋಲನ್ನು ದಾಟಿದ ಮಾತು ಇದು. ಆದರೆ ಅದೇ ಅರ್ಜಿಯಲ್ಲಿ ಬೆದರಿಕೆ, ಅನುಚಿತ ಪ್ರಭಾವದ ಆರೋಪಗಳೂ ಇದ್ದವು. ಅವು ಸಾಬೀತಾಗಲಿಲ್ಲ. ಅಷ್ಟು ದಿಟ್ಟ ಕೋರ್ಟಿಗೂ ಕೈಗೆ ಸಿಕ್ಕಿದ್ದು ನಮೂನೆ, ಭಯ ಸಿಗಲಿಲ್ಲ.

ಮುಂದೆ ಆ ಭಯ ಕೋರ್ಟಿನ ಬಾಗಿಲಿಗೇ ಬಂತು. ಕೆನ್ಯಾಟ ತೀರ್ಪಿನ ದಿನವೇ ಬಹಿರಂಗ ಸಭೆಯಲ್ಲಿ ನ್ಯಾಯಮೂರ್ತಿಗಳನ್ನು ಧೂರ್ತರೆಂದು ಜರೆದರು. ಮರುಚುನಾವಣೆ ಅಕ್ಟೋಬರ್ 26ಕ್ಕೆ ನಿಗದಿಯಾಯಿತು. ಒಡಿಂಗಾ ಕಣದಿಂದ ಹಿಂದೆ ಸರಿದರು. ಆಯೋಗದ ಸದಸ್ಯೆ ರೋಸಲಿನ್ ಅಕೊಂಬೆ ನ್ಯೂಯಾರ್ಕಿಗೆ ಹೋಗಿ, ಜೀವಭಯದ ಮಾತಾಡಿ ರಾಜೀನಾಮೆ ಕೊಟ್ಟರು. ಅಕ್ಟೋಬರ್ 24ರ ಸಂಜೆ ಉಪ ಮುಖ್ಯ ನ್ಯಾಯಮೂರ್ತಿ ಫಿಲೊಮಿನಾ ಮ್ವಿಲು ಅವರ ಸಿಬ್ಬಂದಿಯ ಮೇಲೆ ಗುಂಡು ಹಾರಿತು. ಮರುದಿನ ಬೆಳಿಗ್ಗೆ ಚುನಾವಣೆ ಮುಂದೂಡಬೇಕೆಂಬ ಅರ್ಜಿಯ ವಿಚಾರಣೆ ಇತ್ತು. ಕೋರಂಗೆ ಐವರು ಬೇಕು. ಬಂದವರು ಮರಾಗ ಮತ್ತು ನ್ಯಾಯಮೂರ್ತಿ ಲೆನಾವೊಲ, ಇಬ್ಬರೇ. ಮುಖ್ಯ ನ್ಯಾಯಮೂರ್ತಿಗಳು ಗೈರಾದವರ ಕಾರಣಗಳನ್ನು ಒಂದೊಂದಾಗಿ ಹೇಳಿ, ವಿಚಾರಣೆ ಸಾಧ್ಯವಿಲ್ಲ ಎಂದು ಎದ್ದರು. ಮತದಾನ ನಡೆಯಿತು, ಕೆನ್ಯಾಟ ಅವರಿಗೆ ಶೇ. 98. ಕಿಸುಮು, ಸಿಯಾಯ, ಹೋಮಾ ಬೇ, ಮಿಗೋರಿ ಕೌಂಟಿಗಳಲ್ಲಿ ಮತದಾನವೇ ಆಗಲಿಲ್ಲ. ನವೆಂಬರಿನಲ್ಲಿ ಅದೇ ಕೋರ್ಟು ಆ ಫಲಿತಾಂಶವನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು.

ನಮ್ಮ ಮನೆಯ ಕಡೆ ನೋಡೋಣ. ರಾಷ್ಟ್ರಪತಿ ಚುನಾವಣೆಯ ತಕರಾರು ನಮ್ಮಲ್ಲೂ ಸುಪ್ರೀಂ ಕೋರ್ಟಿಗೆ ಹೋಗಿದೆ. 1969ರಲ್ಲಿ ಎಸ್. ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಪಕ್ಷ ಬೆಂಗಳೂರಿನಲ್ಲಿ ಸೇರಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿದ ಕಥೆ ಹಿರಿಯರಿಗೆ ನೆನಪಿರಬಹುದು. ಗೆದ್ದವರು ವಿ.ವಿ. ಗಿರಿ. ರೆಡ್ಡಿಯವರ ಬಗ್ಗೆ ಹೀನಾಯವಾಗಿ ಬರೆದ ಕರಪತ್ರವನ್ನು ಸಂಸತ್ತಿನ ಸೆಂಟ್ರಲ್ ಹಾಲಿನಲ್ಲೂ ಹಂಚಿದರು, ಇದು ಅನುಚಿತ ಪ್ರಭಾವ ಎಂಬುದು ದೂರು. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಸ್ವತಃ ಕೋರ್ಟಿಗೆ ಬಂದು ಸಾಕ್ಷ್ಯ ನುಡಿದರು. 1970ರಲ್ಲಿ ಅರ್ಜಿಗಳು ವಜಾ ಆದವು.

ಆ ಪ್ರಕರಣಕ್ಕಿಂತ ಅದರ ಹಿಂದಿನ ಕಾಯಿದೆ ನನಗೆ ಮುಖ್ಯ. 1952ರ ರಾಷ್ಟ್ರಪತಿ ಮತ್ತು ಉಪರಾಷ್ಟ್ರಪತಿ ಚುನಾವಣಾ ಕಾಯಿದೆಯ 18ನೇ ಪ್ರಕರಣ ಒಂದು ಗೆರೆ ಎಳೆಯುತ್ತದೆ. ಗೆದ್ದ ಅಭ್ಯರ್ಥಿಯೇ, ಇಲ್ಲವೇ ಅವನ ಸಮ್ಮತಿಯಿಂದ ಬೇರೊಬ್ಬ, ಅನುಚಿತ ಪ್ರಭಾವ ಬೀರಿದ್ದರೆ ಆಯ್ಕೆ ಹೋಯಿತು. ಫಲಿತಾಂಶ ಬದಲಾಗುತ್ತಿತ್ತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಸಂಬಂಧವಿಲ್ಲದ ಮೂರನೆಯವನು ಮಾಡಿದ್ದರೆ ಮಾತ್ರ ಪರಿಣಾಮವನ್ನು ಸಾಬೀತು ಮಾಡಬೇಕು. ದಂಡಸಂಹಿತೆಯ 171ಸಿ ಪ್ರಕರಣದಲ್ಲಂತೂ ಮತಸ್ವಾತಂತ್ರ್ಯದಲ್ಲಿ ಕೈಯಾಡಿಸುವ ಪ್ರಯತ್ನವೇ ಅಪರಾಧವಾಗಿತ್ತು. ಮತದಾರನನ್ನು ಬೆದರಿಸಿ ಮತಗಟ್ಟೆಗೆ ಹೋಗದಂತೆ ತಡೆಯುವುದನ್ನು ಪ್ರಜಾಪ್ರಾತಿನಿಧ್ಯ ಕಾಯಿದೆಯ 1989ರ ತಿದ್ದುಪಡಿ ಬೂತ್ ವಶದ ವ್ಯಾಖ್ಯೆಯೊಳಗೆ ತಂದಿತು. ಆಗ ಚುನಾವಣಾ ಆಯೋಗ ಅಲ್ಲೇ ಮರುಮತದಾನಕ್ಕೆ ಆದೇಶಿಸಬಹುದು.

ಪ್ರತಿವಾದ ಇಲ್ಲದಿಲ್ಲ. ಒಂದೂರಿನ ಗಲಾಟೆಗೆ ಇಡೀ ದೇಶದ ಆಯ್ಕೆ ಬೀಳುವುದಾದರೆ, ಸೋಲುವವನೇ ಆ ಗಲಾಟೆ ಎಬ್ಬಿಸಬಹುದು. ಉಗಾಂಡದ ಬಹುಮತ ಎಣಿಕೆಯ ಅಳತೆಗೆ ಅಂಟಿಕೊಂಡದ್ದನ್ನು ಬರೀ ಹೇಡಿತನ ಎಂದು ತಳ್ಳಿಹಾಕಲಾಗದು. ಅದಕ್ಕೇ ನಮ್ಮ ಕಾಯಿದೆಯ ಗೆರೆಯನ್ನು ಇನ್ನೊಂದು ಹೆಜ್ಜೆ ಮುಂದೆ ಎಳೆಯಬೇಕೆನ್ನುತ್ತೇನೆ. ಬೆದರಿಸಿದವರು ಸರ್ಕಾರದ ಸಮವಸ್ತ್ರದವರು, ಗೆದ್ದವನು ಆ ಸರ್ಕಾರದ ಯಜಮಾನ ಎಂದು ಸಾಬೀತಾದ ಕ್ಷಣವೇ ಹೊರೆ ಮಗುಚಬೇಕು. ಪರಿಣಾಮ ಆಗಿಲ್ಲ ಎಂದು ಗೆದ್ದವನೇ ತೋರಿಸಲಿ. ಸೈನ್ಯ, ಪೊಲೀಸು, ಕಡತ ಎಲ್ಲವೂ ಅವನ ಕೈಯಲ್ಲಿರುವಾಗ ಸಾಕ್ಷ್ಯವನ್ನು ಸೋತವನು ಎಲ್ಲಿಂದ ತಂದಾನು?

ಕಾನೂನು ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಚುನಾವಣಾ ತೀರ್ಪು ಓದುವಾಗ ಯಾರು ಗೆದ್ದರು ಎಂದು ಮೊದಲು ಹುಡುಕಬೇಡಿ. ಏನನ್ನು ಸಾಬೀತು ಮಾಡಬೇಕಿತ್ತು, ಯಾರು ಮಾಡಬೇಕಿತ್ತು, ಎಷ್ಟು ದಿನದೊಳಗೆ ಮಾಡಬೇಕಿತ್ತು ಎಂಬ ಮೂರನ್ನು ಗುರುತು ಹಾಕಿಕೊಳ್ಳಿ. ಅನೇಕ ಸಲ ವ್ಯಾಜ್ಯದ ತೀರ್ಮಾನ ಆಗಿಹೋಗಿರುವುದು ಅಲ್ಲೇ.