ಉಸಿರು ನಿಂತಲ್ಲಿ ಜೊತೆಗಾರರು ಹಾಡಲಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯಳಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೂ ಇಂದು ಉಬ್ಬಸದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ನನ್ನ ಖಾಲಾ.

ಅವರು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು ಅಡುಗೆ ಮಾಡಿದವರು. ಆ ಹೊಗೆಯೇ ಶ್ವಾಸಕೋಶವನ್ನು ಕೆಡಿಸಿತೆಂದು ವೈದ್ಯರು ಹೇಳಿದರು. ಕಾಯಿಲೆಯ ಹೆಸರು ಸಿಒಪಿಡಿ. ಒಂದು ಕಾಲಕ್ಕೆ ನಮ್ಮ ಮನೆತನದ ಮದುವೆಗಳಲ್ಲಿ ಹಾಡು ಎತ್ತಿಕೊಡುತ್ತಿದ್ದವರು ಅವರೇ. ಕಳೆದ ಮದುವೆಯಲ್ಲಿ, "ಖಾಲಾ, ನಿಮಗೆ ದಣಿವಾಗುತ್ತೆ, ಒಳಗೆ ಮಲಗಿ" ಎಂದು ನಾನೇ ಕಳಿಸಿದೆ. ಹೊರಗೆ ಹಾಡು ನಡೆಯುತ್ತಿತ್ತು. ಒಳಗೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪ್ರೀತಿಯಿಂದ ಹೇಳಿದ್ದು ತಪ್ಪಾಯಿತೆಂದು ನನಗೆ ಆಮೇಲೆ ತಿಳಿಯಿತು.

ಈ ಕಾಯಿಲೆಯಲ್ಲಿ ಗಾಳಿಯ ಕೊಳವೆಗಳು ಕಿರಿದಾಗುತ್ತವೆ. ಒಳಗಿನ ಗಾಳಿ ಪೂರ್ತಿ ಹೊರಬರುವ ಮೊದಲೇ ರೋಗಿ ಗಾಬರಿಯಿಂದ ಮತ್ತೆ ಉಸಿರು ಎಳೆಯುತ್ತಾನೆ. ಹಾಡು ಇದಕ್ಕೆ ತದ್ವಿರುದ್ಧ. ಒಂದು ಸಾಲು ಮುಗಿಸಬೇಕಾದರೆ ಉಸಿರನ್ನು ನಿಧಾನವಾಗಿ ಬಿಡಬೇಕು, ಸರಿಯಾದ ಜಾಗದಲ್ಲಿ ಎಳೆದುಕೊಳ್ಳಬೇಕು. ಬ್ರಿಟನ್ನಿನಲ್ಲಿ ಶ್ವಾಸಕೋಶದ ರೋಗಿಗಳಿಗಾಗಿಯೇ ಗುಂಪು ಹಾಡಿನ ತರಗತಿಗಳು ನಡೆಯುವುದು ಇದೇ ಕಾರಣಕ್ಕೆ.

2020ರಲ್ಲಿ ಇಂಗ್ಲಿಷ್ ನ್ಯಾಷನಲ್ ಒಪೆರಾ ಎಂಬ ಲಂಡನ್ನಿನ ಸಂಗೀತ ಸಂಸ್ಥೆ ಅಲ್ಲಿನ ವೈದ್ಯರೊಂದಿಗೆ ಸೇರಿ, ಕೋವಿಡ್ ಬಂದುಹೋದ ಮೇಲೂ ಏದುಸಿರು ಬಿಡುತ್ತಿದ್ದವರಿಗೆ ಆರು ವಾರಗಳ ಆನ್‌ಲೈನ್ ತರಗತಿ ಆರಂಭಿಸಿತು. ಅಲ್ಲಿ ಕಲಿಸಿದ್ದು ದೊಡ್ಡ ಸಂಗೀತವನ್ನಲ್ಲ, ಜೋಗುಳಗಳನ್ನು! 150 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹಾಡಿದವರ ಮಾನಸಿಕ ನೆಮ್ಮದಿ ಹೆಚ್ಚಿತ್ತು, ಏದುಸಿರಿನ ಒಂದು ಅಳತೆಯೂ ಸುಧಾರಿಸಿತ್ತು. ದೈಹಿಕ ಆರೋಗ್ಯದ ಅಂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ನೆನಪಿಡಿ, ಹಾಡು ಔಷಧಿಯ ಜೊತೆಗೆ ಇರಬೇಕು, ಔಷಧಿಯ ಬದಲಿಗೆ ಅಲ್ಲ. ಇನ್‌ಹೇಲರ್ ಬಿಡಬಾರದು.

ಜೋಗುಳ ನಮ್ಮಲ್ಲಿ ಇಲ್ಲವೇ? ಉರ್ದುವಿನ ಲೋರಿ ಇದೆ, ಕನ್ನಡದ ತೊಟ್ಟಿಲ ಪದ ಇದೆ. ಆದಿಲ್‌ಶಾಹಿ ಕಾಲದ ವಿಜಯಪುರದ ಸೂಫಿಗಳು ದಖನಿಯಲ್ಲಿ ಬರೆದ ಚಕ್ಕಿನಾಮಾಗಳನ್ನು ಹೆಂಗಸರು ಹಿಟ್ಟು ಬೀಸುತ್ತ ಹಾಡುತ್ತಿದ್ದರು. ಕನ್ನಡದ ತಾಯಂದಿರಿಗೆ ಬೀಸುಕಲ್ಲಿನ ಪದಗಳಿದ್ದವು. ಬೀಸುಕಲ್ಲಿಗೆ ಎದುರುಬದುರು ಕೂತವರಲ್ಲಿ ಒಬ್ಬಳ ಉಸಿರು ಸೋತರೆ ಇನ್ನೊಬ್ಬಳು ಪದ ಮುಂದುವರಿಸುತ್ತಿದ್ದಳು. ಗುಂಪು ಹಾಡಿನ ದೊಡ್ಡ ಉಪಕಾರವೇ ಇದು. ಒಬ್ಬರೇ ಹಾಡುವಾಗ ಉಸಿರು ನಿಂತರೆ ಹಾಡೂ ನಿಲ್ಲುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಗುಂಪಿನಲ್ಲಿ ನಿಂತರೆ ಯಾರಿಗೂ ತಿಳಿಯುವುದಿಲ್ಲ. ಸುಧಾರಿಸಿಕೊಂಡು ಮತ್ತೆ ಸೇರಿಕೊಳ್ಳಬಹುದು.

ಒಂದು ಎಚ್ಚರಿಕೆ. ಜ್ವರ, ಹೊಸ ಕೆಮ್ಮು ಇದ್ದವರು ಆ ದಿನ ಬರಬಾರದು. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹಾಡಿನ ಅಭ್ಯಾಸಕ್ಕೆ ಸೇರಿದ್ದ ಒಂದೇ ಗುಂಪಿನಿಂದ ಹತ್ತಾರು ಜನರಿಗೆ ಕೋವಿಡ್ ಹರಡಿ, ಇಬ್ಬರು ತೀರಿಕೊಂಡರು. ಕಿಟಕಿ ತೆರೆದಿರಲಿ, ಅಂಗಳವಾದರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳೇ, ಇದಕ್ಕೆ ವಾದ್ಯ ಬೇಡ, ಹಣ ಬೇಡ. ನಿಮ್ಮ ಮನೆಯಲ್ಲಿ ಉಬ್ಬಸದ ದಾದಿ, ನಾನಿ ಇದ್ದರೆ ವೈದ್ಯರನ್ನು ಒಮ್ಮೆ ಕೇಳಿ, ವಾರಕ್ಕೊಂದು ದಿನ ಹತ್ತು ನಿಮಿಷ ಅವರ ಪಕ್ಕ ಕೂತು ಹಾಡಿಸಿ. ಅವರ ಹಾಡನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪಾಠವೂ ಆಯಿತು, ಸೇವೆಯೂ ಆಯಿತು.

ಹೋದ ತಿಂಗಳು ನಾನು ಖಾಲಾ ಅವರ ಮನೆಗೆ ಹೋಗಿ, ಹಳೆಯದೊಂದು ಲೋರಿ ಕೇಳಿದೆ. "ಈಗೆಲ್ಲಿ ಆಗುತ್ತೆ ಬೇಟಿ" ಎಂದರು. ಆಮೇಲೆ ಎರಡು ಸಾಲು ಹಾಡಿ ನಿಲ್ಲಿಸಿದರು. ಮೂರನೆಯ ಸಾಲನ್ನು ನಾನೂ ಮಕ್ಕಳೂ ಹಾಡಿದೆವು. ನಾಲ್ಕನೆಯದಕ್ಕೆ ಅವರು ಮತ್ತೆ ಸೇರಿಕೊಂಡರು. ಮುಂದಿನ ಮದುವೆಯಲ್ಲಿ ಅವರಿಗೆ ಒಳಕೋಣೆಯಲ್ಲಿ ಹಾಸಿಗೆ ಹಾಸುವುದಿಲ್ಲ, ಹಾಡುವವರ ನಡುವೆ ಕುರ್ಚಿ ಹಾಕುತ್ತೇವೆ.